ಎಂಟನೇ ತರಗತಿಗೆ ಸರ್ಕಾರಿ ಪ್ರೌಢಶಾಲೆ: ಸೇರಿಸುವ ಮೊದಲು, ಸೇರಿಸುವ ದಿನ, ಸೇರಿಸಿದ ಮೇಲೆ

ಏಪ್ರಿಲ್ ಎರಡನೇ ವಾರಕ್ಕೆ ಏಳನೇ ತರಗತಿಯ ಫಲಿತಾಂಶ ಕೈಗೆ ಬಂದಿರುತ್ತದೆ. ಅಲ್ಲಿಂದ ಮೇ ಕೊನೆಯವರೆಗೆ ನನ್ನ ಹೊಲಿಗೆ ಅಂಗಡಿಗೆ ಬರುವ ಹೆಂಗಸರಲ್ಲಿ ಅರ್ಧ ಮಂದಿ ರವಿಕೆಯ ಅಳತೆ ಕೊಟ್ಟು ಮುಗಿಸಿ, ಚಪ್ಪಲಿ ಮೆಟ್ಟುವಾಗ ಒಂದೇ ಪ್ರಶ್ನೆ ಕೇಳುತ್ತಾರೆ: "ಅಕ್ಕಾ, ಹೈಸ್ಕೂಲಿಗೆ ಎಲ್ಲಿ ಹಾಕಲಿ?" ನಾನು ಶಿಕ್ಷಕಿಯಲ್ಲ. ತಾಲ್ಲೂಕು ಕೇಂದ್ರದ ಸರ್ಕಾರಿ ಪ್ರೌಢಶಾಲೆಯಲ್ಲಿ ಇಬ್ಬರು ಮಕ್ಕಳನ್ನು ಓದಿಸಿದವಳು, ಒಂದು ಅವಧಿಗೆ ಅಲ್ಲಿನ ಎಸ್‌ಡಿಎಂಸಿಯಲ್ಲಿ, ಅಂದರೆ ಪೋಷಕರಿರುವ ಶಾಲಾಭಿವೃದ್ಧಿ ಸಮಿತಿಯಲ್ಲಿ, ಕುಳಿತವಳು, ಅಷ್ಟೆ. ಒಬ್ಬೊಬ್ಬರಿಗೂ ಹೇಳಿ ಗಂಟಲು ಒಣಗಿದ್ದರಿಂದ ಎಲ್ಲವನ್ನೂ ಇಲ್ಲಿ ಬರೆದಿಡುತ್ತಿದ್ದೇನೆ.

ನಗರಸಭೆಯೋ ಪುರಸಭೆಯೋ ಇರುವ ಊರಿನ ಸರ್ಕಾರಿ ಪ್ರೌಢಶಾಲೆ ಎಂದರೆ ಹಳೆಯ ಹೆಂಚಿನ ಕಟ್ಟಡ, ಅದರ ಪಕ್ಕದಲ್ಲಿ ಹೊಸ ಆರ್‌ಸಿಸಿ ಕೋಣೆಗಳು, ಮುಂದೆ ದೊಡ್ಡ ಮೈದಾನ. ಎಲ್ಲ ಊರಲ್ಲೂ ಹೆಚ್ಚುಕಡಿಮೆ ಇದೇ ಚಿತ್ರ. ಇಲ್ಲಿ ಪ್ರವೇಶ ಸಿಗುವುದು ಕಷ್ಟವಲ್ಲ. ಸಿಕ್ಕಿದ ದಿನ ಕಚೇರಿಯ ಪುಸ್ತಕದಲ್ಲಿ ಬರೆಯುವ ಒಂದು ಸಾಲು ಕಷ್ಟ. ಅದಕ್ಕೆ ಆಮೇಲೆ ಬರುತ್ತೇನೆ.

ಬೋರ್ಡಿನ ಮೇಲೆ ಏನು ಬರೆದಿದೆ ನೋಡಿಕೊಳ್ಳಿ

ಜನ ಎಲ್ಲವನ್ನೂ 'ಗೌರ್ಮೆಂಟ್ ಹೈಸ್ಕೂಲು' ಎನ್ನುತ್ತಾರೆ. ಒಳಗೆ ಬೇರೆ ಬೇರೆ ಬಗೆಗಳಿವೆ. ಬರೀ 'ಸರ್ಕಾರಿ ಪ್ರೌಢಶಾಲೆ' ಎಂದಿದ್ದರೆ ಎಂಟರಿಂದ ಹತ್ತು, ಮುಖ್ಯಸ್ಥರು ಮುಖ್ಯೋಪಾಧ್ಯಾಯರು. 'ಸರ್ಕಾರಿ ಪದವಿಪೂರ್ವ ಕಾಲೇಜು (ಪ್ರೌಢಶಾಲಾ ವಿಭಾಗ)' ಎಂದಿದ್ದರೆ ಅದು ಹಿರಿಯರು ಜೂನಿಯರ್ ಕಾಲೇಜು ಎಂದು ಕರೆಯುವ ಸಂಸ್ಥೆ. ಪ್ರೌಢಶಾಲೆಗೆ ಸಂಬಂಧಿಸಿದ ಸಹಿಗೆ ಹುಡುಕಬೇಕಾದದ್ದು ಉಪಪ್ರಾಚಾರ್ಯರನ್ನು. ಇದು ಗೊತ್ತಿಲ್ಲದೆ ಪ್ರಾಂಶುಪಾಲರ ಕೋಣೆಯ ಮುಂದೆ ಅರ್ಧ ದಿನ ಕುಳಿತು ಬಂದವರಿದ್ದಾರೆ, ನನ್ನನ್ನೂ ಸೇರಿಸಿ. 'ಕರ್ನಾಟಕ ಪಬ್ಲಿಕ್ ಶಾಲೆ' ಎಂದಿದ್ದರೆ ಪೂರ್ವ ಪ್ರಾಥಮಿಕದಿಂದ ಹನ್ನೆರಡರವರೆಗೆ ಒಂದೇ ಆವರಣ. ಅಲ್ಲಿ ಏಳು ಮುಗಿಸಿದ ಮಕ್ಕಳೇ ಎಂಟಕ್ಕೆ ಮುಂದುವರಿಯುವುದರಿಂದ ಹೊರಗಿನವರು ಬೇಗ ವಿಚಾರಿಸಬೇಕು.

ಆದರ್ಶ ವಿದ್ಯಾಲಯ, ಮೊರಾರ್ಜಿ ದೇಸಾಯಿ ವಸತಿ ಶಾಲೆಗಳ ಬಗ್ಗೆಯೂ ಕೇಳುತ್ತಾರೆ. ಅವುಗಳಿಗೆ ಪ್ರವೇಶ ಆರನೇ ತರಗತಿಗೆ, ಐದರಲ್ಲಿರುವಾಗ ಪರೀಕ್ಷೆ ಬರೆದು. ಏಳು ಮುಗಿಸಿದ ಮಗುವಿಗೆ ಆ ಬಸ್ಸು ಹೋಗಿಯಾಗಿದೆ. ಮನೆಯಲ್ಲಿ ನಾಲ್ಕನೆಯಲ್ಲೋ ಐದನೆಯಲ್ಲೋ ಓದುವ ತಂಗಿ ತಮ್ಮ ಇದ್ದರೆ ಅವರ ಸಲುವಾಗಿ ನೆನಪಿಟ್ಟುಕೊಳ್ಳಿ.

ಹಳ್ಳಿಯಿಂದ ಪೇಟೆಗೆ ಕಳುಹಿಸುವವರು ಇಲ್ಲಿ ನಿಂತು ಓದಿ

ಅಂಗಡಿಗೆ ಬರುವ ಹಳ್ಳಿಯ ತಾಯಂದಿರಿಗೆ ನಾನು ಹೇಳುವ ಮೊದಲ ಮಾತು ಇದೇ, ಮತ್ತು ಅವರಿಗೆ ಯಾರೂ ಹೇಳಿರದ ಮಾತೂ ಇದೇ. ಒಂದರಿಂದ ಹತ್ತರವರೆಗೆ ಹತ್ತೂ ವರ್ಷ ಗ್ರಾಮೀಣ ಪ್ರದೇಶದ ಶಾಲೆಯಲ್ಲಿ ಓದಿದವರಿಗೆ ರಾಜ್ಯ ಸರ್ಕಾರದ ನೇಮಕಾತಿಯಲ್ಲಿ ಶೇ. 25, ವೃತ್ತಿಶಿಕ್ಷಣದ ಪ್ರವೇಶ ಪರೀಕ್ಷೆಯಾದ ಸಿಇಟಿಯ ಸೀಟುಗಳಲ್ಲಿ ಶೇ. 15 ಗ್ರಾಮೀಣ ಮೀಸಲಾತಿ ಇದೆ. ಲೆಕ್ಕಕ್ಕೆ ಬರುವುದು ಶಾಲೆ ಇರುವ ಜಾಗ, ನಿಮ್ಮ ಮನೆ ಇರುವ ಜಾಗವಲ್ಲ. ಏಳು ವರ್ಷ ಹಳ್ಳಿಯಲ್ಲಿ ಓದಿ, ಎಂಟಕ್ಕೆ ನಗರಸಭೆ, ಪುರಸಭೆ ಅಥವಾ ಪಟ್ಟಣ ಪಂಚಾಯಿತಿಯ ಗಡಿಯೊಳಗಿನ ಶಾಲೆಗೆ ಕಾಲಿಟ್ಟರೆ ಹಿಂದಿನ ಏಳು ವರ್ಷಗಳೂ ಆ ಲೆಕ್ಕದಲ್ಲಿ ಸೊನ್ನೆ.

ಹಾಗೆಂದು ಹಳ್ಳಿಯ ಶಾಲೆಯಲ್ಲೇ ಬಿಡಿ ಎನ್ನುತ್ತಿಲ್ಲ. ಹೋಬಳಿಯ ಪ್ರೌಢಶಾಲೆಯಲ್ಲಿ ಗಣಿತದ ಮೇಷ್ಟ್ರೇ ಇಲ್ಲದಿದ್ದರೆ ಮೀಸಲಾತಿ ಇಟ್ಟುಕೊಂಡು ಏನು ಮಾಡುವುದು? ಆದರೆ ಎರಡೂ ಕಡೆ ಶಿಕ್ಷಕರು ಸರಿಯಾಗಿದ್ದು, ಪೇಟೆಯ ಶಾಲೆ ಎಂಬ ಹೆಸರಿಗಾಗಿ ಮಾತ್ರ ದಿನಾ ಇಪ್ಪತ್ತು ಕಿಲೋಮೀಟರ್ ಬಸ್ಸಿನಲ್ಲಿ ನೇತಾಡಿಸುವುದಾದರೆ, ಏನನ್ನು ಬಿಟ್ಟುಕೊಡುತ್ತಿದ್ದೇವೆ ಎಂದು ತಿಳಿದು ಬಿಟ್ಟುಕೊಡಿ. ನನ್ನ ಅಕ್ಕನ ಮಗನ ವಿಷಯದಲ್ಲಿ ನಮಗೆ ಇದು ಗೊತ್ತಾದದ್ದು ಸಿಇಟಿ ಅರ್ಜಿ ತುಂಬುವ ದಿನ. ಸೈಬರ್ ಸೆಂಟರ್‌ನ ಹುಡುಗ "ಗ್ರಾಮೀಣ ಇದೆಯಾ ಅಮ್ಮಾ?" ಎಂದು ಕೇಳಿದಾಗ ಅಕ್ಕ ಠೀವಿಯಿಂದ "ಇದೆ, ನಾವು ಹಳ್ಳಿಯವರೇ" ಎಂದಳು.

ಶಾಲೆಗೆ ಒಮ್ಮೆ ಹೋಗಿ ಬನ್ನಿ, ಬೇಸಿಗೆ ರಜೆಗೆ ಮುಂಚೆ

ಮೇ ತಿಂಗಳಲ್ಲಿ ಹೋದರೆ ಖಾಲಿ ಕೋಣೆ ಕಾಣುತ್ತದೆ, ಶಾಲೆ ಕಾಣುವುದಿಲ್ಲ. ಸಾಧ್ಯವಾದರೆ ಫೆಬ್ರುವರಿ, ಮಾರ್ಚ್‌ನಲ್ಲೇ ಹೋಗಿ. ಎಸ್‌ಎಸ್‌ಎಲ್‌ಸಿ ಫಲಿತಾಂಶ ಎಷ್ಟು ಎಂದು ಎಲ್ಲರೂ ಕೇಳುತ್ತಾರೆ, ನೀವೂ ಕೇಳಿ. ಆದರೆ ಅದರ ಜೊತೆಗೆ ಇನ್ನೊಂದನ್ನು ಕೇಳಿ: ಹೋದ ವರ್ಷ ಒಂಬತ್ತರಲ್ಲಿ ಎಷ್ಟು ಮಕ್ಕಳಿದ್ದರು, ಈ ವರ್ಷ ಹತ್ತರಲ್ಲಿ ಎಷ್ಟು ಮಂದಿ ಇದ್ದಾರೆ? ಎಂಬತ್ತು ಮಂದಿ ಇದ್ದವರು ಐವತ್ತಕ್ಕೆ ಇಳಿದಿದ್ದರೆ ಆ ಶೇಕಡಾ ನೂರು ಹೇಗೆ ಬಂತು ಎಂದು ಯೋಚಿಸಬೇಕು. ಖಾಸಗಿ ಶಾಲೆಗಳಿಗೂ ಇದೇ ಪ್ರಶ್ನೆ ಒಯ್ಯಿರಿ, ಮುಖಗಳು ನೋಡುವಂತಿರುತ್ತವೆ.

ಎರಡನೆಯದು, ಗಣಿತ, ವಿಜ್ಞಾನ, ಇಂಗ್ಲಿಷ್ ಈ ಮೂರಕ್ಕೆ ಕಾಯಂ ಶಿಕ್ಷಕರಿದ್ದಾರೆಯೇ? ಅತಿಥಿ ಶಿಕ್ಷಕರು ಕೆಟ್ಟವರೆಂದಲ್ಲ. ನನ್ನ ಮಗಳಿಗೆ ಬೀಜಗಣಿತ ಅರ್ಥವಾದದ್ದೇ ಒಬ್ಬ ಅತಿಥಿ ಶಿಕ್ಷಕಿಯಿಂದ. ಆದರೆ ಅವರ ನೇಮಕ ಆಗುವ ಹೊತ್ತಿಗೆ ಮಳೆಗಾಲ ಹಿಡಿದಿರುತ್ತದೆ, ಅಲ್ಲಿಯವರೆಗೆ ಆ ತಾಸು ಖಾಲಿ. ಮೂರನೆಯದು ಹೆಣ್ಣುಮಕ್ಕಳ ಶೌಚಾಲಯ. ಇದನ್ನು ಕೇಳಬೇಡಿ, ಹೋಗಿ ನೋಡಿ. ಬಾಗಿಲಿಗೆ ಒಳಗಿನಿಂದ ಚಿಲಕ ಇದೆಯೇ, ನಲ್ಲಿಯಲ್ಲಿ ನೀರು ಬರುತ್ತದೆಯೇ? ಸಂಜೆ ಮನೆಗೆ ಬರುವವರೆಗೆ ನೀರೇ ಕುಡಿಯದೆ ಕೂರುವ ಹುಡುಗಿಯರನ್ನು ನಾನು ಕಂಡಿದ್ದೇನೆ.

ಯಾವ ಮಾಧ್ಯಮ, ಯಾವ ಪ್ರಥಮ ಭಾಷೆ

ನಗರದ ಬಹಳಷ್ಟು ಸರ್ಕಾರಿ ಪ್ರೌಢಶಾಲೆಗಳಲ್ಲಿ ಈಗ ಕನ್ನಡ ಮಾಧ್ಯಮದ ಜೊತೆ ಒಂದು ಆಂಗ್ಲ ಮಾಧ್ಯಮ ವಿಭಾಗವೂ ಇದೆ. ಪ್ರವೇಶದ ದಿನ ಸರತಿಯಲ್ಲಿ ನಿಂತು ನಿರ್ಧರಿಸುವ ವಿಷಯ ಇದಲ್ಲ. ಏಳು ವರ್ಷ ಕನ್ನಡದಲ್ಲಿ ಓದಿದ ಮಗುವನ್ನು ಎಂಟಕ್ಕೆ ಇಂಗ್ಲಿಷಿಗೆ ಹಾಕಿದರೆ ಮೊದಲ ಆರು ತಿಂಗಳು ಅದು ವಿಜ್ಞಾನ ಕಲಿಯುವುದಿಲ್ಲ, ಪದಗಳನ್ನು ಕಲಿಯುತ್ತದೆ. ಕೆಲವು ಮಕ್ಕಳು ದಾಟುತ್ತಾರೆ. ಕೆಲವರು ಪ್ರಶ್ನೆ ಕೇಳುವುದನ್ನೇ ನಿಲ್ಲಿಸುತ್ತಾರೆ. ಮಗುವಿಗೆ ಏಳನೆಯ ವಿಜ್ಞಾನದ ಒಂದು ಪುಟವನ್ನು ಇಂಗ್ಲಿಷ್ ಪುಸ್ತಕದಿಂದ ಓದಿಸಿ, ಏನು ತಿಳಿಯಿತು ಎಂದು ಕನ್ನಡದಲ್ಲೇ ಹೇಳಿಸಿ. ಉತ್ತರ ಅಲ್ಲೇ ಸಿಗುತ್ತದೆ.

ಇಲ್ಲೂ ಒಂದು ಲೆಕ್ಕ ಇದೆ. ಒಂದರಿಂದ ಹತ್ತರವರೆಗೆ ಕನ್ನಡ ಮಾಧ್ಯಮದಲ್ಲಿ ಓದಿದವರಿಗೆ ರಾಜ್ಯದ ನೇಮಕಾತಿಯಲ್ಲೂ ಸಿಇಟಿಯಲ್ಲೂ ಶೇ. 5 ಮೀಸಲು. ಪೇಟೆಯ ಮಕ್ಕಳಿಗೂ ಇದು ಸಿಗುತ್ತದೆ. ಪಠ್ಯ ಹಗುರವಾಗಿರುತ್ತದೆ ಎಂಬ ಅಂಜಿಕೆ ಬೇಡ. ರಾಜ್ಯ ಪಠ್ಯಕ್ರಮದ ಒಂಬತ್ತು, ಹತ್ತನೆಯ ಗಣಿತ ಮತ್ತು ವಿಜ್ಞಾನ ಕೇಂದ್ರದ ಎನ್‌ಸಿಇಆರ್‌ಟಿ ಪುಸ್ತಕಗಳನ್ನೇ ಅಳವಡಿಸಿಕೊಂಡದ್ದು.

ಪ್ರಥಮ ಭಾಷೆಗೆ ಎಸ್‌ಎಸ್‌ಎಲ್‌ಸಿಯಲ್ಲಿ 125 ಅಂಕ, ಉಳಿದ ಐದು ವಿಷಯಗಳಿಗೆ ತಲಾ 100, ಒಟ್ಟು 625. ಆ 125ಕ್ಕಾಗಿ ಕನ್ನಡ ಬಿಟ್ಟು ಸಂಸ್ಕೃತ ಕೊಡಿಸುವ ಚಾಳಿ ಪೇಟೆಯಲ್ಲಿ ಇದೆ. ಸಂಸ್ಕೃತ ಇಷ್ಟವಿದ್ದವರು ಓದಲಿ, ಸಂತೋಷ. ಅಂಕಕ್ಕಾಗಿ ಮಾತ್ರ ಎಂದಾದರೆ, ಮೂರು ವರ್ಷ ಹಳೆಗನ್ನಡ, ವಚನ, ಗದ್ಯ ಓದುವ ಅವಕಾಶವನ್ನು ಹತ್ತು ಹದಿನೈದು ಅಂಕಕ್ಕೆ ಮಾರಿದಂತೆ ಎಂಬುದು ನನ್ನ ಅಭಿಪ್ರಾಯ. ನನ್ನ ಗಂಡ ಒಪ್ಪುವುದಿಲ್ಲ.

ಕಾಗದಗಳು

ವರ್ಗಾವಣೆ ಪತ್ರ, ಅಂದರೆ ಟಿ.ಸಿ.; ಏಳನೆಯ ಅಂಕಪಟ್ಟಿ; ಮಗುವಿನ ಮತ್ತು ಪೋಷಕರ ಆಧಾರ್ ಪ್ರತಿ; ಜಾತಿ ಮತ್ತು ಆದಾಯ ಪ್ರಮಾಣಪತ್ರ; ಮಗುವಿನ ಹೆಸರಿನ ಬ್ಯಾಂಕ್ ಪಾಸ್‌ಬುಕ್ಕಿನ ಮೊದಲ ಪುಟ; ನಾಲ್ಕಾರು ಭಾವಚಿತ್ರ. ಎಲ್ಲದರ ಎರಡೆರಡು ಜೆರಾಕ್ಸ್. ಜಾತಿ, ಆದಾಯದ ಪತ್ರ ನಾಡಕಚೇರಿಯಲ್ಲಿ ಸಿಗುತ್ತದೆ. ಅದರ ಮೇಲಿನ ಆರ್‌ಡಿ ಸಂಖ್ಯೆಯೇ ಮುಖ್ಯ, ಮುಂದೆ ವಿದ್ಯಾರ್ಥಿವೇತನದ ಅರ್ಜಿ ಕೇಳುವುದು ಆ ಸಂಖ್ಯೆಯನ್ನು. ಆದಾಯ ಪತ್ರಕ್ಕೆ ಐದು ವರ್ಷ ಆಯಸ್ಸು. ಹಳೆಯದು ಇದ್ದರೆ ದಿನಾಂಕ ನೋಡಿ. ಮುಗಿಯುವಂತಿದ್ದರೆ ಮೇ ತಿಂಗಳಲ್ಲೇ ಮಾಡಿಸಿ. ಜೂನ್‌ನಲ್ಲಿ ಅಲ್ಲಿ ನಿಲ್ಲಲು ಜಾಗ ಇರುವುದಿಲ್ಲ.

ಟಿ.ಸಿ. ತೆಗೆದುಕೊಳ್ಳುವಾಗ ಒಂದು ಮಾತು ಕೇಳಿ: "ಸ್ಯಾಟ್ಸ್‌ನಲ್ಲೂ ಕಳುಹಿಸಿದ್ದೀರಾ ಸರ್?" ಸ್ಯಾಟ್ಸ್ ಎಂಬುದು ಇಲಾಖೆಯ ವಿದ್ಯಾರ್ಥಿ ದಾಖಲೆಯ ಗಣಕ ವ್ಯವಸ್ಥೆ. ಪ್ರತಿ ಮಗುವಿಗೂ ಅದರಲ್ಲಿ ಒಂದು ಸಂಖ್ಯೆ ಇರುತ್ತದೆ. ಹಳೆಯ ಶಾಲೆ ಅಲ್ಲಿಂದ ಬಿಡುಗಡೆ ಮಾಡದಿದ್ದರೆ ಹೊಸ ಶಾಲೆ ಸೇರಿಸಿಕೊಳ್ಳಲು ಆಗುವುದಿಲ್ಲ. ಮಗು ತರಗತಿಯಲ್ಲಿ ಕುಳಿತಿರುತ್ತದೆ, ದಾಖಲೆಯಲ್ಲಿ ಇನ್ನೂ ಹಳೆಯ ಶಾಲೆಯಲ್ಲೇ ಇರುತ್ತದೆ.

ಖಾಸಗಿ ಶಾಲೆಯಿಂದ ಬರುವವರಿಗೆ ಇನ್ನೊಂದು ತೊಡಕು: ಶುಲ್ಕ ಬಾಕಿ ಇದೆ ಎಂದು ಟಿ.ಸಿ. ತಡೆಹಿಡಿಯುವುದು. ನಮ್ಮ ಬೀದಿಯ ಒಬ್ಬ ಆಟೊ ಚಾಲಕರ ಮಗಳ ಟಿ.ಸಿ. ಹೀಗೆ ಆಗಸ್ಟ್‌ವರೆಗೆ ಒಂದು ಶಾಲೆಯ ಕಪಾಟಿನಲ್ಲಿ ಕುಳಿತಿತ್ತು. 2009ರ ಶಿಕ್ಷಣ ಹಕ್ಕು ಕಾಯಿದೆ ಎಂಟನೇ ತರಗತಿಯವರೆಗೆ ಅನ್ವಯಿಸುತ್ತದೆ, ಮತ್ತು ಟಿ.ಸಿ. ತಡವಾಯಿತೆಂಬ ಕಾರಣಕ್ಕೆ ಹೊಸ ಶಾಲೆ ಪ್ರವೇಶ ನಿರಾಕರಿಸುವಂತಿಲ್ಲ ಎಂದು ಅದರಲ್ಲಿ ಸ್ಪಷ್ಟವಾಗಿದೆ. ಹಾಗಾಗಿ ಮಗುವನ್ನು ಮನೆಯಲ್ಲಿ ಕೂರಿಸಬೇಡಿ. ಸರ್ಕಾರಿ ಶಾಲೆಗೆ ಹೋಗಿ ತಾತ್ಕಾಲಿಕವಾಗಿ ಸೇರಿಸಿಕೊಳ್ಳಲು ಕೇಳಿ, ಹಳೆಯ ಶಾಲೆಯ ಮೇಲೆ ಕ್ಷೇತ್ರ ಶಿಕ್ಷಣಾಧಿಕಾರಿಗಳ ಕಚೇರಿಗೆ, ಜನ ಬಿಇಒ ಆಫೀಸು ಎನ್ನುತ್ತಾರಲ್ಲ ಅಲ್ಲಿಗೆ, ಒಂದು ಲಿಖಿತ ಅರ್ಜಿ ಕೊಟ್ಟು ಸ್ವೀಕೃತಿ ಮುದ್ರೆ ಹಾಕಿಸಿಕೊಳ್ಳಿ. ಬಾಯಿಮಾತಿನ ದೂರಿಗೆ ಕಪಾಟು ತೆರೆಯುವುದಿಲ್ಲ.

ಆ ಒಂದು ಸಾಲು

ಈಗ ದಾಖಲಾತಿ ಪುಸ್ತಕಕ್ಕೆ ಬರೋಣ. ಕಚೇರಿಯ ಮೇಜಿನ ಮೇಲೆ ಉದ್ದನೆಯ, ದಪ್ಪ ರಟ್ಟಿನ ಪುಸ್ತಕ ತೆರೆದಿರುತ್ತದೆ. ಎಡಪುಟದಿಂದ ಬಲಪುಟದವರೆಗೆ ಹರಡಿದ ಒಂದೇ ಸಾಲಿನಲ್ಲಿ ನಿಮ್ಮ ಮಗುವಿನ ಕ್ರಮಸಂಖ್ಯೆ, ಹೆಸರು, ತಂದೆ, ತಾಯಿ, ಜಾತಿ, ಹುಟ್ಟಿದ ಊರು, ಹುಟ್ಟಿದ ದಿನಾಂಕ ಅಂಕಿಯಲ್ಲೂ ಅಕ್ಷರದಲ್ಲೂ, ಹಿಂದಿನ ಶಾಲೆ, ಮಾತೃಭಾಷೆ. ಕೊನೆಗೆ ಪೋಷಕರ ಸಹಿ. ಹಿಂದೆ ಇಪ್ಪತ್ತು ಜನ ನಿಂತಿರುತ್ತಾರೆ, ಗುಮಾಸ್ತರಿಗೆ ಅವಸರ, ನಿಮಗೆ ಸಂಕೋಚ. ಬೆರಳು ತೋರಿಸಿದ ಕಡೆ ಸಹಿ ಹಾಕಿ ಬರುತ್ತೀರಿ.

ಹಾಗೆ ಬರಬೇಡಿ. ಈ ಸಾಲೇ ಸ್ಯಾಟ್ಸ್‌ಗೆ ಹೋಗುತ್ತದೆ, ಅಲ್ಲಿಂದ ಎಸ್‌ಎಸ್‌ಎಲ್‌ಸಿಯ ನಾಮಿನಲ್ ರೋಲ್‌ಗೆ, ಅಂದರೆ ಪರೀಕ್ಷೆ ಬರೆಯುವವರ ಪಟ್ಟಿಗೆ, ಅಲ್ಲಿಂದ ಅಂಕಪಟ್ಟಿಗೆ. ಮುಂದೆ ಪಾಸ್‌ಪೋರ್ಟ್ ಇರಲಿ, ಕೆಲಸ ಇರಲಿ, ನಿವೃತ್ತಿಯ ದಿನಾಂಕ ಇರಲಿ, ಎಲ್ಲರೂ ಕೇಳುವುದು "ಟೆಂತ್ ಮಾರ್ಕ್ಸ್ ಕಾರ್ಡಿನಲ್ಲಿ ಏನಿದೆ?" ಎಂದೇ. ನಮ್ಮ ತಲೆಮಾರಿನಲ್ಲಿ ಅರ್ಧ ಊರು ಜೂನ್ 1ರಂದು ಹುಟ್ಟಿದೆ. ಮೇಷ್ಟ್ರು ಶಾಲೆಗೆ ಸೇರಿಸಿಕೊಳ್ಳುವಾಗ ವಯಸ್ಸು ಹೊಂದಿಸಿ ಬರೆದ ದಿನಾಂಕ ಅದು. ನಾನೂ ಅವರಲ್ಲೊಬ್ಬಳು. ಅಮ್ಮನ ಪ್ರಕಾರ ನಾನು ಹುಟ್ಟಿದ್ದು ಚೌತಿಯ ಮರುದಿನ, ಗಣಪತಿ ಬಿಡುವ ಹೊತ್ತಿಗೆ ಮಳೆ ಸುರಿಯುತ್ತಿದ್ದಾಗ. ಜೂನ್‌ನಲ್ಲಿ ಯಾವ ಚೌತಿ?

ನಮ್ಮ ಕಾಲದಲ್ಲಿ ಅದರಿಂದ ನಗು ಮಾತ್ರ ಬರುತ್ತಿತ್ತು. ಈಗ ಆಧಾರ್, ಜನನ ಪ್ರಮಾಣಪತ್ರ, ಶಾಲೆಯ ದಾಖಲೆ ಮೂರೂ ಒಂದನ್ನೊಂದು ನೋಡುತ್ತವೆ. ಒಂದಕ್ಕೊಂದು ತಾಳೆಯಾಗದಿದ್ದರೆ ವಿದ್ಯಾರ್ಥಿವೇತನ ನಿಲ್ಲುತ್ತದೆ, ವಿದ್ಯಾರ್ಥಿಗಳಿಗೆ ಕೇಂದ್ರ ಕೊಡುವ ಅಪಾರ್ ಗುರುತಿನ ಸಂಖ್ಯೆ ಆಗುವುದಿಲ್ಲ. ಆದ್ದರಿಂದ ಹೋಗುವ ಹಿಂದಿನ ರಾತ್ರಿ ಮನೆಯಲ್ಲಿ ಮೂರು ಕಾಗದಗಳನ್ನು ಪಕ್ಕಪಕ್ಕ ಇಟ್ಟು ಹೆಸರನ್ನು ಒಂದೊಂದೇ ಅಕ್ಷರ ಓದಿ. ಬಸವರಾಜ ಇದೆಯೋ ಬಸವರಾಜು ಇದೆಯೋ? ಇನಿಷಿಯಲ್ ಹೆಸರಿನ ಮುಂದಿದೆಯೋ ಹಿಂದಿದೆಯೋ? ಹೊಸಮನಿ ಎಂಬ ಮನೆತನದ ಹೆಸರು ಒಂದು ಕಡೆ ಹೊಸಮನೆ ಆಗಿದೆಯೇ? ಇಂಗ್ಲಿಷ್ ಕಾಗುಣಿತದಲ್ಲಿ ಎಚ್ ಅಕ್ಷರ ಒಂದು ಕಡೆ ಇದ್ದು ಇನ್ನೊಂದು ಕಡೆ ಬಿಟ್ಟುಹೋಗಿದೆಯೇ? ತಾಯಿಯ ಹೆಸರು ತವರಿನದ್ದೋ ಮದುವೆಯ ನಂತರದ್ದೋ?

ವ್ಯತ್ಯಾಸ ಕಂಡರೆ ಯಾವುದನ್ನು ತಿದ್ದಿಸುವುದು? ಜನನ ಪ್ರಮಾಣಪತ್ರ ಸರಿ ಇದ್ದರೆ ಅದನ್ನು ಆಧಾರವಾಗಿಟ್ಟುಕೊಂಡು ಉಳಿದೆರಡನ್ನು ಅದಕ್ಕೆ ಹೊಂದಿಸಿ. ಆಧಾರ್ ತಿದ್ದುಪಡಿ ಸುಲಭ, ಮೊದಲು ಅದನ್ನು ಮುಗಿಸಿ. ಟಿ.ಸಿ.ಯಲ್ಲೇ ತಪ್ಪಿದ್ದರೆ ಅದನ್ನು ಕೊಟ್ಟ ಪ್ರಾಥಮಿಕ ಶಾಲೆಗೇ ವಾಪಸ್ ಒಯ್ಯಬೇಕು. ಪ್ರೌಢಶಾಲೆಯವರು ಟಿ.ಸಿ.ಯಲ್ಲಿ ಇದ್ದದ್ದನ್ನು ಬರೆದುಕೊಳ್ಳುತ್ತಾರೆಯೇ ಹೊರತು ತಿದ್ದುವ ಅಧಿಕಾರ ಅವರಿಗಿಲ್ಲ. ಎಂಟನೇ ತರಗತಿಗೆ ಮುಂಚೆ ಇದು ನಾಲ್ಕು ದಿನದ ಓಡಾಟ. ಅಂಕಪಟ್ಟಿ ಅಚ್ಚಾದ ಮೇಲೆ ಪರೀಕ್ಷಾ ಮಂಡಳಿಗೆ ಅರ್ಜಿ, ಶುಲ್ಕ, ದಾಖಲೆಗಳ ಕಂತೆ. ಹುಟ್ಟಿದ ದಿನಾಂಕವೇ ತಪ್ಪಿದ್ದರೆ ನ್ಯಾಯಾಲಯದ ಮೆಟ್ಟಿಲನ್ನೂ ಹತ್ತಬೇಕಾಗಬಹುದು.

ಸಹಿ ಹಾಕುವಾಗ ಪುಸ್ತಕವನ್ನು ನಿಮ್ಮ ಕಡೆ ತಿರುಗಿಸಿಕೊಳ್ಳಿ. ನನ್ನ ಮಗನ ಸರದಿಯಲ್ಲಿ ನಾನು "ಸರ್, ಒಂದು ನಿಮಿಷ, ಓದಿಕೊಳ್ಳುತ್ತೇನೆ" ಎಂದಾಗ ಗುಮಾಸ್ತರು "ನಂಬಿಕೆ ಇಲ್ಲವೇನಮ್ಮಾ?" ಎಂದರು. ಬೇಜಾರಿನಿಂದಲ್ಲ, ನಗುತ್ತಲೇ. ಓದಿದಾಗ ಹುಟ್ಟಿದ ತಿಂಗಳು ಅಂಕಿಯಲ್ಲಿ 11, ಅಕ್ಷರದಲ್ಲಿ 'ಅಕ್ಟೋಬರ್' ಎಂದಿತ್ತು. ಅವರೇ ತಲೆ ಚಚ್ಚಿಕೊಂಡು, ಹೊಡೆದುಹಾಕಿ, ಪಕ್ಕದಲ್ಲಿ ಬರೆದು, ಮುಖ್ಯೋಪಾಧ್ಯಾಯರ ಕಿರುಸಹಿ ಹಾಕಿಸಿದರು. ದಿನಕ್ಕೆ ಅರವತ್ತು ಸಾಲು ಬರೆಯುವ ಕೈ ಅದು, ತಪ್ಪುವುದು ಸಹಜ. ಹಿಡಿಯಬೇಕಾದವರು ನಾವು. ಮೂವತ್ತು ಸೆಕೆಂಡಿನ ಕೆಲಸ. ದಾಖಲಾತಿ ಸಂಖ್ಯೆಯನ್ನು ಮೊಬೈಲಿನಲ್ಲಿ ಬರೆದುಕೊಂಡೇ ಹೊರಡಿ.

ಜೂನ್: ಸಮವಸ್ತ್ರ, ಊಟ, ಬಸ್ಸು

ಪಠ್ಯಪುಸ್ತಕ, ಸಮವಸ್ತ್ರ, ಶೂ ಮತ್ತು ಕಾಲುಚೀಲ ಸರ್ಕಾರದಿಂದ ಉಚಿತ. ಯಾವಾಗ ಬರುತ್ತವೆ ಎಂಬುದು ಆಯಾ ವರ್ಷದ ಅದೃಷ್ಟ. ಸೈಕಲ್ ಬಗ್ಗೆ ಈಗಲೂ ಕೇಳುವವರಿದ್ದಾರೆ. 2006-07ರಲ್ಲಿ ಆರಂಭವಾದ ಆ ಯೋಜನೆ ಕೋವಿಡ್ ಸಮಯದಲ್ಲಿ ನಿಂತಿತು, ಅದನ್ನು ನಂಬಿ ಕೂರಬೇಡಿ.

ಸಮವಸ್ತ್ರದ ಬಟ್ಟೆಯ ಬಗ್ಗೆ ನನ್ನ ಕಸುಬಿನ ಮಾತು. ಬಟ್ಟೆ ಸಿಕ್ಕಿದ ಕೂಡಲೇ ದರ್ಜಿಗೆ ಕೊಡಬೇಡಿ. ಒಂದು ರಾತ್ರಿ ನೀರಿನಲ್ಲಿ ನೆನೆಸಿ, ಹಿಂಡದೆ ನೆರಳಿನಲ್ಲಿ ಒಣಗಿಸಿ, ಆಮೇಲೆ ಕೊಡಿ. ಕುಗ್ಗುವುದಿದ್ದರೆ ಆಗಲೇ ಕುಗ್ಗಲಿ. ಎಂಟನೇ ತರಗತಿಯ ಹುಡುಗರು ಜೂನ್‌ನಿಂದ ದಸರಾ ರಜೆಯೊಳಗೆ ಬಳ್ಳಿಯಂತೆ ಏರುತ್ತಾರೆ. ಪ್ಯಾಂಟಿನ ಕೆಳಗೆ ಮೂರು ಇಂಚು ಮಡಿಕೆ ಒಳಗೆ ಬಿಡಲು ಹೇಳಿ, ಹುಡುಗಿಯರ ಚೂಡಿದಾರದ ಎರಡೂ ಪಕ್ಕ ತಲಾ ಒಂದು ಇಂಚು. 'ಬಿಟ್ಟಿದ್ದೇನೆ' ಎಂದು ಹೇಳಿ ಕತ್ತರಿಸುವ ದರ್ಜಿಗಳಿದ್ದಾರೆ. ಒಳಗೆ ತಿರುಗಿಸಿ ನೋಡಿ.

ಮಧ್ಯಾಹ್ನದ ಬಿಸಿಯೂಟ ಹತ್ತನೆಯವರೆಗೂ ಇದೆ, ಜೊತೆಗೆ ಹಾಲು, ಮೊಟ್ಟೆ; ಮೊಟ್ಟೆ ತಿನ್ನದವರಿಗೆ ಬಾಳೆಹಣ್ಣು. ಪೇಟೆಯ ಶಾಲೆಗಳಲ್ಲಿ ಎಂಟನೆಯ ಹುಡುಗರಿಗೆ ತಟ್ಟೆ ಹಿಡಿದು ನಿಲ್ಲುವುದೆಂದರೆ ಅದೇನೋ ನಾಚಿಕೆ. ಮನೆಯಿಂದ ಡಬ್ಬಿ ತರುತ್ತಾರೆ, ಅಥವಾ ಏನೂ ತಿನ್ನದೆ ಗೇಟಿನ ಹೊರಗೆ ಪಾನಿಪುರಿಗೆ ಹೋಗುತ್ತಾರೆ. ಮೊದಲ ವಾರವೇ "ಊಟ ಶಾಲೆಯಲ್ಲೇ" ಎಂದು ಖಡಾಖಂಡಿತ ಹೇಳಿಬಿಡಿ.

ಹುಡುಗಿಯರಿಗೆ 2023ರ ಜೂನ್ 11ರಿಂದ ಶಕ್ತಿ ಯೋಜನೆಯಲ್ಲಿ ಸಾಮಾನ್ಯ ಸಾರಿಗೆ ಬಸ್ಸು ಉಚಿತ. ಆಧಾರ್ ಕಾರ್ಡ್ ಚೀಲದಲ್ಲಿರಲಿ. ಹುಡುಗರಿಗೆ ರಿಯಾಯಿತಿ ಪಾಸು, ಅರ್ಜಿ ಸರ್ಕಾರದ ಸೇವಾ ಸಿಂಧು ಜಾಲತಾಣದಲ್ಲಿ. ಸ್ಯಾಟ್ಸ್ ದಾಖಲೆ ಹೊಸ ಶಾಲೆಗೆ ಬಂದಿರದಿದ್ದರೆ ಇಲ್ಲೂ ಅಡ್ಡಿಯಾಗಬಹುದು. ದೂರದ ಹಳ್ಳಿಯವರು ಸಮಾಜ ಕಲ್ಯಾಣ ಮತ್ತು ಹಿಂದುಳಿದ ವರ್ಗಗಳ ಇಲಾಖೆಯ ಮೆಟ್ರಿಕ್ ಪೂರ್ವ ವಿದ್ಯಾರ್ಥಿ ನಿಲಯಗಳ ಪ್ರಕಟಣೆಗೆ ಜೂನ್‌ನಿಂದಲೇ ಕಿವಿ ತೆರೆದಿಡಬೇಕು.

ಹಣ ಬರುವ ದಾರಿಗಳು, ಮುಖ್ಯವಾಗಿ ಒಂದು

ರಾಜ್ಯದ ವಿದ್ಯಾರ್ಥಿವೇತನಗಳಿಗೆಲ್ಲ ಎಸ್‌ಎಸ್‌ಪಿ ಎಂಬ ಒಂದೇ ಜಾಲತಾಣ. ಅರ್ಜಿ ಹಾಕುವುದು ಸುಲಭ, ಹಣ ಬರುವುದು ಕಷ್ಟ, ಏಕೆಂದರೆ ಖಾತೆ. ಮಗುವಿನ ಹೆಸರಿನಲ್ಲಿ ಖಾತೆ ಇದ್ದರೆ ಸಾಲದು, ಆಧಾರ್ ಆ ಖಾತೆಗೆ ಎನ್‌ಪಿಸಿಐ (ಬ್ಯಾಂಕುಗಳ ನಡುವೆ ಹಣ ಕಳುಹಿಸುವ ರಾಷ್ಟ್ರೀಯ ಸಂಸ್ಥೆ) ಮೂಲಕ ಜೋಡಣೆಯಾಗಿರಬೇಕು. ಎರಡು ಬ್ಯಾಂಕಿನಲ್ಲಿ ಖಾತೆ ಇದ್ದರೆ ಹಣ ಹೋಗುವುದು ಕೊನೆಯದಾಗಿ ಜೋಡಿಸಿದ್ದಕ್ಕೆ. ಹಣ ಬಂದಿಲ್ಲ ಎಂದು ಶಾಲೆಗೆ ಜಗಳಕ್ಕೆ ಹೋಗಿ, ಆಮೇಲೆ ಇನ್ನೊಂದು ಪಾಸ್‌ಬುಕ್ಕಿನಲ್ಲಿ ಹಣ ಕಂಡು ತಲೆತಗ್ಗಿಸಿದವರು ನಮ್ಮ ಸಮಿತಿಯಲ್ಲೇ ಇದ್ದರು. ಇನ್ನೊಂದು, ಮಗುವಿಗೆ ಹದಿನೈದು ತುಂಬಿದಾಗ ಆಧಾರ್‌ನ ಬೆರಳಚ್ಚು ಮತ್ತೆ ಕೊಡಬೇಕು. ಅದು ಸರಿಯಾಗಿ ಒಂಬತ್ತು, ಹತ್ತರ ನಡುವೆ ಬರುತ್ತದೆ, ಯಾರಿಗೂ ನೆನಪಿರುವುದಿಲ್ಲ.

ನಾನು ಒತ್ತಿ ಹೇಳುವುದು ಎನ್‌ಎಂಎಂಎಸ್ ಎಂಬ ಕೇಂದ್ರದ ವಿದ್ಯಾರ್ಥಿವೇತನದ ಪರೀಕ್ಷೆಯನ್ನು. ಎಂಟನೇ ತರಗತಿಯಲ್ಲಿ ಒಮ್ಮೆ ಮಾತ್ರ ಬರೆಯುವ ಅವಕಾಶ. ಸರ್ಕಾರಿ, ಅನುದಾನಿತ ಶಾಲೆಯ ಮಕ್ಕಳಿಗೆ, ಪೋಷಕರ ವರಮಾನ ವರ್ಷಕ್ಕೆ 3.5 ಲಕ್ಷದ ಒಳಗಿದ್ದರೆ, ಏಳರಲ್ಲಿ ಶೇ. 55 ಬಂದಿದ್ದರೆ (ಪರಿಶಿಷ್ಟರಿಗೆ 50). ಪ್ರಶ್ನೆಪತ್ರಿಕೆ ಎರಡು: ಬೌದ್ಧಿಕ ಸಾಮರ್ಥ್ಯ 90 ಅಂಕ, ಪಠ್ಯ ವಿಷಯ 90 ಅಂಕ. ಆಯ್ಕೆಯಾದರೆ ಒಂಬತ್ತರಿಂದ ಹನ್ನೆರಡರವರೆಗೆ ವರ್ಷಕ್ಕೆ 12,000 ರೂಪಾಯಿ, ನಾಲ್ಕು ವರ್ಷಕ್ಕೆ 48,000. ನಡುವೆ ಖಾಸಗಿ ಅನುದಾನರಹಿತ ಶಾಲೆಗೆ ಹೋದರೆ ಬಂದ್. ಹತ್ತರಲ್ಲಿ ಶೇ. 60 ಇಲ್ಲದಿದ್ದರೆ ಪಿಯುಸಿಗೆ ಮುಂದುವರಿಯುವುದಿಲ್ಲ (ಪರಿಶಿಷ್ಟರಿಗೆ 55). ಪ್ರತಿ ವರ್ಷ ರಾಷ್ಟ್ರೀಯ ವಿದ್ಯಾರ್ಥಿವೇತನ ಪೋರ್ಟಲ್‌ನಲ್ಲಿ ನವೀಕರಣ ಮಾಡಬೇಕು, ಮರೆತರೆ ಆ ವರ್ಷದ್ದು ಹೋಯಿತು.

ಅರ್ಜಿ ಶಾಲೆಯ ಮೂಲಕವೇ ಹೋಗುತ್ತದೆ. ಕೆಲವು ಶಾಲೆಗಳಲ್ಲಿ 'ಜಾಣ' ಮಕ್ಕಳ ಹೆಸರು ಮಾತ್ರ ಬರೆದುಕೊಳ್ಳುವ ರೂಢಿ ಇದೆ. ಆಗಸ್ಟ್‌ನಲ್ಲೇ ತರಗತಿ ಶಿಕ್ಷಕರಿಗೆ "ನಮ್ಮ ಮಗುವಿನದ್ದೂ ಹಾಕಿ" ಎಂದು ಹೇಳಿಡಿ. ಬೌದ್ಧಿಕ ಸಾಮರ್ಥ್ಯದ ಪತ್ರಿಕೆಯಲ್ಲಿ ಬರುವುದು ಅಂಕಿಸರಣಿ, ಬಿಟ್ಟ ಚಿತ್ರ, ಕನ್ನಡಿಯ ಬಿಂಬ, ಸಂಕೇತ ಭಾಷೆ. ತರಗತಿಯಲ್ಲಿ ಹಿಂದುಳಿದ ಮಗು ಇದರಲ್ಲಿ ಮಿಂಚುವುದುಂಟು. ಹಳೆಯ ಪ್ರಶ್ನೆಪತ್ರಿಕೆ ಹತ್ತು ಬಿಡಿಸಿದರೆ ಧಾಟಿ ಹಿಡಿತಕ್ಕೆ ಬರುತ್ತದೆ.

ಶಾಲೆಗೆ ಹೋಗಿ ಬರುವುದು

ಜೂನ್‌ನ ಮೊದಲ ವಾರಗಳಲ್ಲಿ 'ಸೇತುಬಂಧ' ನಡೆಯುತ್ತದೆ. ಹಿಂದಿನ ತರಗತಿಯ ಕಲಿಕೆಯಲ್ಲಿ ಎಲ್ಲಿ ಕಂದಕ ಇದೆ ಎಂದು ಪರೀಕ್ಷಿಸಿ ತುಂಬುವ ಕೆಲಸ. ಬಹಳ ಪೋಷಕರು "ಇನ್ನೂ ಪಾಠ ಶುರುವಾಗಿಲ್ಲ" ಎಂದು ಮಗುವನ್ನು ಅಜ್ಜಿಯ ಮನೆಯಿಂದ ಕರೆತರುವುದೇ ಇಲ್ಲ. ಭಾಗಾಕಾರ ಬಾರದ ಮಗುವಿಗೆ ಅದನ್ನು ಹೇಳಿಕೊಡುವ ಕೊನೆಯ ಅವಕಾಶ ಆ ವಾರಗಳೇ. ಜುಲೈನಲ್ಲಿ ಬೀಜಗಣಿತ ಬಂದು ನಿಲ್ಲುತ್ತದೆ.

ವರ್ಷಕ್ಕೆ ನಾಲ್ಕು ರೂಪಣಾತ್ಮಕ, ಎರಡು ಸಂಕಲನಾತ್ಮಕ ಮೌಲ್ಯಮಾಪನ. ಮನೆಯಲ್ಲಿ ಮಕ್ಕಳು ಎಫ್‌ಎ, ಎಸ್‌ಎ ಎನ್ನುತ್ತಾರೆ. ಪ್ರತಿ ಎಫ್‌ಎ ಮುಗಿದ ಮೇಲೆ ಒಮ್ಮೆ ಹೋಗಿ ಬನ್ನಿ. ಕರೆದಾಗ ಹೋಗುವ ಪೋಷಕರ ಸಭೆಗಿಂತ ಕರೆಯದೆ ಹೋದ ಹತ್ತು ನಿಮಿಷ ಹೆಚ್ಚು. ಹೋದಾಗ "ಹೇಗೆ ಓದುತ್ತಾನೆ ಸರ್?" ಎಂದು ಕೇಳಬೇಡಿ, "ಪರವಾಗಿಲ್ಲ" ಎಂಬ ಉತ್ತರ ಸಿಗುತ್ತದೆ. "ಈ ತಿಂಗಳು ಗಣಿತದಲ್ಲಿ ಅವನಿಗೆ ಯಾವ ಪಾಠ ಬರಲಿಲ್ಲ?" ಎಂದು ಕೇಳಿ. ಮೇಷ್ಟ್ರು ಒಂದು ಕ್ಷಣ ನಿಮ್ಮನ್ನೇ ನೋಡುತ್ತಾರೆ, ಆಮೇಲೆ ಕುರ್ಚಿ ಎಳೆದು ಕೊಡುತ್ತಾರೆ.

ಎಸ್‌ಡಿಎಂಸಿಗೆ ಪೋಷಕರನ್ನು ಆರಿಸುವಾಗ ಸಾಧ್ಯವಿದ್ದರೆ ನಿಲ್ಲಿ. ದೊಡ್ಡ ಅಧಿಕಾರವೇನೂ ಇಲ್ಲ. ಆದರೆ ನಮ್ಮ ಅವಧಿಯಲ್ಲಿ ಹೆಣ್ಣುಮಕ್ಕಳ ಶೌಚಾಲಯಕ್ಕೆ ಚಿಲಕ ಬಂದದ್ದು ಮೂರು ಸಭೆಗಳ ನಡಾವಳಿಯಲ್ಲಿ ಅದನ್ನೇ ಬರೆಸಿದ ಮೇಲೆ.

ಹತ್ತನೆಯಲ್ಲಿ

ಓದಿನ ಬಗ್ಗೆ ಊರೆಲ್ಲ ಹೇಳುತ್ತದೆ, ನಾನು ಕಾಗದದ ಬಗ್ಗೆ ಹೇಳುತ್ತೇನೆ. ಪರೀಕ್ಷೆಗೆ ನೋಂದಾಯಿಸುವಾಗ ಶಾಲೆಯವರು ವಿವರಗಳ ಕರಡು ಪಟ್ಟಿ ತೋರಿಸಿ ಮಗುವಿನ ಸಹಿ ಪಡೆಯುತ್ತಾರೆ. ಮಗು ಓದದೆ ಸಹಿ ಹಾಕುತ್ತದೆ. ಆ ದಿನ ಯಾವುದು ಎಂದು ಮೊದಲೇ ತಿಳಿದು ನೀವೇ ಹೋಗಿ ನೋಡಿ. ಹೆಸರು, ತಾಯಿ ತಂದೆ ಹೆಸರು, ದಿನಾಂಕ, ಮಾಧ್ಯಮ, ಪ್ರಥಮ ಭಾಷೆ, ಭಾವಚಿತ್ರ. ಸುಲಭವಾಗಿ ತಿದ್ದಬಹುದಾದ ಕೊನೆಯ ಹಂತ ಅದು.

ಹಾಜರಾತಿ ಶೇ. 75 ಬೇಕು. ಪ್ರಥಮ ಭಾಷೆಯಲ್ಲಿ 25, ಉಳಿದವುಗಳಲ್ಲಿ 20 ಅಂಕ ಆಂತರಿಕ ಮೌಲ್ಯಮಾಪನದ್ದು. ಚಟುವಟಿಕೆ, ಯೋಜನಾ ಪುಸ್ತಕಗಳನ್ನು ಕೊನೆಯ ವಾರ ಅಕ್ಕನಿಂದ ಬರೆಸುವ ಮಕ್ಕಳು ಅವನ್ನು ಕಳೆದುಕೊಳ್ಳುತ್ತಾರೆ. 2024ರಿಂದ ಒಂದೇ ವರ್ಷ ಪರೀಕ್ಷೆ-1, ಪರೀಕ್ಷೆ-2 ಎಂದು ಒಂದಕ್ಕಿಂತ ಹೆಚ್ಚು ಅವಕಾಶಗಳಿವೆ, ಉತ್ತಮವಾದ ಅಂಕ ಉಳಿಯುತ್ತದೆ. ಹಾಗೆಂದು ಮೊದಲನೆಯದನ್ನು ಹಗುರವಾಗಿ ತೆಗೆದುಕೊಂಡರೆ, ಎರಡನೆಯದರ ಫಲಿತಾಂಶ ಬರುವ ಹೊತ್ತಿಗೆ ಒಳ್ಳೆಯ ಪಿಯು ಕಾಲೇಜಿನ ಸೀಟು ತುಂಬಿರುತ್ತದೆ. ಹಣೆಬರಹ ಸರಿಯಿಲ್ಲದೆ ಒಂದು ವಿಷಯ ಹೋದ ಮಗುವಿಗೆ ಮಾತ್ರ ಇದು ದೊಡ್ಡ ಉಪಕಾರ. ಅದೇ ವಾರ ಶಾಲೆಗೆ ಹೋಗಿ ಪರೀಕ್ಷೆ-2ಕ್ಕೆ ನೋಂದಾಯಿಸಿ, ಮನೆಯಲ್ಲಿ ರಾದ್ಧಾಂತ ಮಾಡಬೇಡಿ.

ಶಾಲೆ ಬಿಡುವ ದಿನ

ಟಿ.ಸಿ. ಒಂದನ್ನೇ ತೆಗೆದುಕೊಂಡು ಓಡಬೇಡಿ. ವ್ಯಾಸಂಗ ಪ್ರಮಾಣಪತ್ರ, ಕನ್ನಡ ಮಾಧ್ಯಮ ಪ್ರಮಾಣಪತ್ರ, ಅನ್ವಯಿಸಿದರೆ ಗ್ರಾಮೀಣ ವ್ಯಾಸಂಗದ್ದು, ಕಲ್ಯಾಣ ಕರ್ನಾಟಕದ ಜಿಲ್ಲೆಗಳವರಾದರೆ 371 (ಜೆ) ಮೀಸಲಾತಿಯ ಅರ್ಜಿಗೆ ಬೇಕಾದ ವ್ಯಾಸಂಗ ವಿವರ, ಎಲ್ಲವನ್ನೂ ಆಗಲೇ ಕೇಳಿ. ಒಂದರಿಂದ ಏಳರ ಪತ್ರ ಪ್ರಾಥಮಿಕ ಶಾಲೆಯಿಂದ, ಎಂಟರಿಂದ ಹತ್ತರದ್ದು ಇಲ್ಲಿಂದ, ನಂತರ ಬಿಇಒ ಕಚೇರಿಯ ಮೇಲುಸಹಿ. ಇವು ಬೇಕಾಗುವುದು ಎರಡು ವರ್ಷದ ನಂತರ ಸಿಇಟಿಗೆ. ಅಷ್ಟರಲ್ಲಿ ಪರಿಚಯದ ಮುಖ್ಯೋಪಾಧ್ಯಾಯರು ವರ್ಗವಾಗಿರುತ್ತಾರೆ, ಗುಮಾಸ್ತರು ನಿವೃತ್ತರಾಗಿರುತ್ತಾರೆ.

ಮೂಲ ಟಿ.ಸಿ. ಪಿಯು ಕಾಲೇಜಿಗೆ ಹೋಗುತ್ತದೆ, ಕೊಡುವ ಮುನ್ನ ಐದು ಪ್ರತಿ ಮಾಡಿಸಿ. ಮೂಲ ಅಂಕಪಟ್ಟಿ ಶಾಲೆಗೆ ಬರಲು ಫಲಿತಾಂಶದ ಬಳಿಕ ಸಮಯ ಹಿಡಿಯುತ್ತದೆ. ಮಗುವನ್ನೇ ಕಳುಹಿಸಿ ತರಿಸಿ, ಮೇಷ್ಟ್ರುಗಳನ್ನು ಮಾತನಾಡಿಸಿಕೊಂಡು ಬರುತ್ತದೆ. ತಂದ ಮೇಲೆ ಅಂಗಡಿಗೆ ಒಯ್ದು ಲ್ಯಾಮಿನೇಷನ್ ಮಾಡಿಸಬೇಡಿ. ಮುಂದೆ ಅದರ ಹಿಂಬದಿಯಲ್ಲಿ ಮುದ್ರೆ ಬೀಳಬೇಕಾಗಬಹುದು, ಪ್ಲಾಸ್ಟಿಕ್ ಕಿತ್ತರೆ ಅಕ್ಷರವೂ ಕಿತ್ತು ಬರುತ್ತದೆ. ಮಡಚದೆ, ರಟ್ಟಿನ ಫೈಲಿನಲ್ಲಿ, ಇಲಿ ಹೋಗದ ಕಡೆ ಇಡಿ.